ಮೂರನೇ ಪಾಲು ಪೆಟ್ರೋಲ್

ಮೇ ತಿಂಗಳ ಒಂದು ಮಧ್ಯಾಹ್ನ. ಉದ್ಯಮಬಾಗದ ನಮ್ಮ ವರ್ಕ್‌ಶಾಪಿನಲ್ಲಿ ಕರೆಂಟ್ ಹೋಗಿತ್ತು. ಬರೀ ಬನಿಯನ್ ಮೇಲೆ ಕೂತು ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ಅಷ್ಟೊತ್ತಿಗೆ ನನ್ನ ಸೋದರಮಾವನ ಮಗನ ಫೋನ್ ಬಂತು. ಅವನಿರುವುದು ಫಿನ್ಲೆಂಡಿನ ಔಲುವಿನಲ್ಲಿ. ಆರು ವರ್ಷದಿಂದ ಅಲ್ಲೇ ಸಾಫ್ಟ್‌ವೇರ್ ಕೆಲಸ.

"ಅಣ್ಣಾ, ಬರೂ ಮಾರ್ಚ್‌ನ್ಯಾಗ ನೀ ಇಲ್ಲಿಗೆ ಬಾ. ಸ್ನೋಮೊಬೈಲ್ ತಗೊಂಡು ಉತ್ತರಕ್ಕ ಹೋಗೂಣು. ಸಮುದ್ರ ಮುಟ್ಟಿ ಬರೂಣು."

"ಯಾವ ಸಮುದ್ರಲೇ?"

"ಆರ್ಕ್ಟಿಕ್!"

ಸ್ನೋಮೊಬೈಲ್ ಅಂದರೆ ಹಿಮದ ಮೇಲೆ ಓಡುವ ಮೋಟಾರು ಗಾಡಿ. ಬೆವರು ಒರೆಸಿಕೊಂಡು ಹೂಂ ಅಂದೆ. ಆ ಸೆಕೆಯಲ್ಲಿ ಯಾರು ಕೇಳಿದ್ದರೂ ಹೂಂ ಅಂತಿದ್ದೆ.

ಮುಂದಿನ ಹತ್ತು ತಿಂಗಳು ನಾವಿಬ್ಬರೂ ಮಾಡಿದ್ದು ಆ ಹೂಂ ಅನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸುವ ಕೆಲಸ. ಶುರುವಿನಲ್ಲಿ ದಾರಿ 400 ಕಿಲೋಮೀಟರಿಗೂ ಜಾಸ್ತಿ ಇತ್ತು. ಕೊನೆಗೆ ಕಾಗದದ ಮೇಲೆ ಉಳಿದದ್ದು 150. ಹಾಗೆ ಕತ್ತರಿಸಿದ್ದರ ಕಥೆಯೇ ಇದು. ಪ್ರವಾಸ ಮೂರೇ ದಿನದ್ದು, ಅದನ್ನು ಬೇಗ ಹೇಳಿ ಮುಗಿಸಬಹುದು.

ಮೊದಲ ವಾರವೇ ನಕ್ಷೆ ತೆಗೆದುಕೊಂಡು ಕೂತೆವು. ಫಿನ್ಲೆಂಡಿನ ಭೂಮಾಪನ ಇಲಾಖೆ ತನ್ನ ನಕ್ಷೆಗಳನ್ನು ಯಾರಿಗೆ ಬೇಕಾದರೂ ಪುಕ್ಕಟೆ ಕೊಡುತ್ತದೆ. ಬಂಡೆ, ತೊರೆ, ಗುಡಿಸಲು, ಎಲ್ಲಾ ಅದರಲ್ಲಿ ಕಾಣುತ್ತದೆ. ನಾನು ಖಡೇಬಜಾರಿನ ಕಡೆ ಒಂದು ಅಂಗಡಿಯಲ್ಲಿ ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿದೆ. ಡ್ರಾಯಿಂಗ್ ಟೇಬಲ್ ಮೇಲೆ ಹರಡಿ, ಗೋಣಿ ಹೊಲಿಯುವ ದಾರ ಹಿಡಿದು ದಾರಿ ಅಳೆದೆ. ಕಂಪ್ಯೂಟರಿನಲ್ಲೂ ಅಳೆಯಬಹುದು. ಆದರೆ ದಾರದಲ್ಲಿ ಅಳೆದಾಗ ಪ್ರತಿ ತಿರುವಿನಲ್ಲೂ ಬೆರಳು ನಿಲ್ಲುತ್ತದೆ. ಅಲ್ಲಿ ಏನಿದೆ ಅಂತ ಕಣ್ಣು ನೋಡುತ್ತದೆ.

ಇನಾರಿ ಅನ್ನೋ ಊರಿನಿಂದ ಹೊರಡುವುದು. ಅದು ಸುಮಾರು 69 ಡಿಗ್ರಿ ಉತ್ತರಕ್ಕಿದೆ. ನಮ್ಮ ಬೆಳಗಾವಿ 16ರ ಆಸುಪಾಸು. ಇನಾರಿ ಸರೋವರ ದಾಟಿ ಸೆವೆಟ್ಟಿಯಾರ್ವಿ, ಅಲ್ಲಿಂದ ಗಡಿ ದಾಟಿ ನಾರ್ವೆ, ಆಮೇಲೆ ಸಮುದ್ರ. ಇದು ತಮ್ಮನ ಪ್ಲಾನು. ಹಾಳೆಯ ಮೇಲೆ ಒಂದು ಗೇಣು.

ನಾರ್ವೆ ಮೊದಲು ಹೋಯಿತು. ಅಲ್ಲಿ 1977ರಿಂದಲೂ ಒಂದು ಕಾನೂನಿದೆ. ಗೊತ್ತು ಮಾಡಿದ ಕೆಲವು ದಾರಿ ಬಿಟ್ಟರೆ ಕಾಡಿನಲ್ಲಿ, ಬಯಲಿನಲ್ಲಿ ಸುಮ್ನೆ ಮಜಾಕ್ಕೆ ಮೋಟಾರು ಗಾಡಿ ಓಡಿಸುವಂತಿಲ್ಲ. ಬಾಡಿಗೆ ಕೊಡುವವರೂ ಗಡಿ ದಾಟಿಸಬೇಡಿ ಅಂದರು. ಸಮುದ್ರ ಮುಗಿಯಿತು. ತಮ್ಮ ಎರಡು ದಿನ ಫೋನ್ ಮಾಡಲಿಲ್ಲ.

ಫಿನ್ಲೆಂಡಿನ ಒಳಗೂ ಬೇಕಾದಲ್ಲಿ ನುಗ್ಗುವಂತಿಲ್ಲ. ಅಲ್ಲಿ ಸ್ನೋಮೊಬೈಲಿಗೆ ಎರಡು ಬಗೆಯ ದಾರಿ. ಒಂದಕ್ಕೆ ರೆಯಿಟ್ಟಿ ಅಂತಾರೆ. ಅದು ನಮ್ಮ ಸರ್ಕಾರಿ ರಸ್ತೆ ಇದ್ದ ಹಾಗೆ, ಲೈಸೆನ್ಸ್ ಇದ್ದವರು ದುಡ್ಡು ಕೊಡದೆ ಹೋಗಬಹುದು. ಇನ್ನೊಂದು ಉರಾ. ಅದನ್ನು ಸರ್ಕಾರಿ ಅರಣ್ಯ ಸಂಸ್ಥೆ ನೋಡಿಕೊಳ್ಳುತ್ತದೆ, ಪರವಾನಗಿ ಖರೀದಿ ಮಾಡಬೇಕು. ಎರಡೂ ಅಲ್ಲದ ಕಡೆ ಹೋಗಬೇಕಾದರೆ ನೆಲದ ಮಾಲೀಕನನ್ನು ಕೇಳಬೇಕು. ಹೊಲದ ಬದುವಿನ ಮೇಲೆ ಟ್ರ್ಯಾಕ್ಟರ್ ಹಾಯಿಸುವ ಜಗಳ ನೋಡಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನೆಲದ ಮೇಲೆ ವೇಗದ ಮಿತಿ ಗಂಟೆಗೆ 60 ಕಿಲೋಮೀಟರ್. ಹೆಲ್ಮೆಟ್ ಬೇಕೇ ಬೇಕು.

ಈ ಹೊತ್ತಿಗೆ ಮೂರನೆಯವರು ಸೇರಿಕೊಂಡರು. ತಮ್ಮನ ಆಫೀಸಿನ ಒಬ್ಬ ಹಿರಿಯರು, ರೊವಾನಿಯೆಮಿ ಕಡೆಯವರು, ಚಿಕ್ಕಂದಿನಿಂದ ಹಿಮದ ಮೇಲೆ ಗಾಡಿ ಓಡಿಸಿದವರು. ಮಾತು ಬಹಳ ಕಡಿಮೆ. ವಿಡಿಯೋ ಕಾಲಿನಲ್ಲಿ ನಮ್ಮ ದಾರಿ, ದಿನಾಂಕ, ಸಾಮಾನಿನ ಪಟ್ಟಿ ಎಲ್ಲಾ ತೋರಿಸಿದೆವು. ಪೂರ್ತಿ ಕೇಳಿಸಿಕೊಂಡು ಎರಡೇ ಪ್ರಶ್ನೆ ಕೇಳಿದರು. ಪೆಟ್ರೋಲ್ ಎಷ್ಟು? ನೀವು ವಾಪಸ್ ಬರಲಿಲ್ಲ ಅನ್ನೋದು ಯಾರಿಗೆ ಗೊತ್ತಾಗುತ್ತದೆ, ಎಷ್ಟು ಗಂಟೆಗೆ?

ಎರಡಕ್ಕೂ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಪೆಟ್ರೋಲಿನದು ನನ್ನ ಪಾಲಿಗೆ ಬಂತು. ಅವರು ಹೇಳಿಕೊಟ್ಟ ಲೆಕ್ಕ ಸರಳ. ಇರುವ ಪೆಟ್ರೋಲಿನಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಮೂರನೇ ಪಾಲನ್ನು ಮುಟ್ಟುವಂತಿಲ್ಲ. ದಾರಿಯಲ್ಲಿ ಬಂಕ್ ಇದೆ ಅಂತ ನಕ್ಷೆ ಹೇಳಿದರೂ ಅದು ಇಲ್ಲ ಅಂತಲೇ ಹಿಡಿಯಬೇಕು.

ನಾವು ನೋಡಿದ ಗಾಡಿ ಲಿಂಕ್ಸ್, ರೊವಾನಿಯೆಮಿಯಲ್ಲೇ ತಯಾರಾಗುವಂಥದ್ದು. ರೇಸಿನ ಗಾಡಿ ಅಲ್ಲ, ದುಡಿಯುವ ಗಾಡಿ. ಚಕ್ರದ ಬದಲು ಕೆಳಗೆ ಸುತ್ತುತ್ತಾ ಗಾಡಿಯನ್ನು ದೂಡುವ ಪಟ್ಟಿ 60 ಸೆಂಟಿಮೀಟರ್ ಅಗಲ. ಮೆತ್ತನೆ ಹಿಮದಲ್ಲಿ ಹೂತುಹೋಗದೆ ತೇಲಬೇಕಾದರೆ ಅಗಲ ಇರಲೇಬೇಕು, ಒಂಟೆಯ ಪಾದದ ಹಾಗೆ. ಫೋರ್ ಸ್ಟ್ರೋಕ್ ಎಂಜಿನ್. ಟ್ಯಾಂಕ್ 40 ಲೀಟರ್ ಅಂತ ಹಿಡಿದೆ. ಜೊತೆಗೆ ಒಂದೊಂದು ಗಾಡಿಗೆ 20 ಲೀಟರಿನ ಒಂದೊಂದು ಕ್ಯಾನ್. ಒಟ್ಟು 60. ಅದರಲ್ಲಿ ಖರ್ಚು ಮಾಡಬಹುದಾದ್ದು 40.

ಗಟ್ಟಿ ದಾರಿಯಲ್ಲಿ 100 ಕಿಲೋಮೀಟರಿಗೆ 15 ಲೀಟರ್, ಮೆತ್ತನೆ ಹಿಮ ಇದ್ದು ಹಿಂದೆ ಸಾಮಾನಿನ ಜಾರುಬಂಡಿಯೂ ಇದ್ದರೆ 25. ನಾವು ಕೆಟ್ಟದ್ದನ್ನೇ ಹಿಡಿದೆವು. ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರ್. ಲೋಡ್ ತುಂಬಿದ ಲಾರಿಯ ಮೈಲೇಜು! ಸೆವೆಟ್ಟಿಯಾರ್ವಿಗೆ ಹೋಗಿ ಬರುವ ದಾರಿ ನನ್ನ ದಾರದಲ್ಲಿ 210 ಕಿಲೋಮೀಟರ್ ಬಂದಿತ್ತು. 52 ಲೀಟರಿನ ಮೇಲೆ. ಮೂರನೇ ಪಾಲಿಗೆ ಕೈ ಹಾಕಲೇಬೇಕು.

"ಇನ್ನೊಂದೊಂದು ಕ್ಯಾನ್ ತಗೊಂಡ್ರಾತಲ್ಲ ಅಣ್ಣಾ?" ಅಂದ ತಮ್ಮ.

20 ಲೀಟರ್ ಪೆಟ್ರೋಲ್ ಅಂದರೆ ಹತ್ತಿರ ಹತ್ತಿರ 15 ಕೆಜಿ, ಕ್ಯಾನಿನ ತೂಕ ಬೇರೆ. ಅದನ್ನು ಎಳೆಯುವುದಕ್ಕೆ ಮತ್ತೆ ಪೆಟ್ರೋಲ್. ಗಾಡಿ ಹೂತರೆ ಎತ್ತುವವರು ನಾವೇ ಮೂವರು. ನಾನು ಬೇಡ ಅಂದೆ. ಹೀಗೆ ಸೆವೆಟ್ಟಿಯಾರ್ವಿಯೂ ಹೋಯಿತು. ಬೇಸರ ಆಯಿತು, ಸುಳ್ಳು ಹೇಳುವುದಿಲ್ಲ. 1949ರಲ್ಲಿ ಸ್ಕೋಲ್ಟ್ ಸಾಮಿ ಅನ್ನೋ ಅಲ್ಲಿನ ಮೂಲನಿವಾಸಿ ಜನರಿಗೆ ಪುನರ್ವಸತಿ ಮಾಡಿಕೊಟ್ಟ ಊರದು. ಯುದ್ಧದಲ್ಲಿ ಅವರ ಮೂಲ ನೆಲ ಸೋವಿಯತ್ ಕಡೆ ಹೋಗಿತ್ತು. ಡ್ಯಾಮಿಗೆ ಊರು ಬಿಟ್ಟವರ ಮೊಮ್ಮಗ ನಾನು. ಆ ಊರಿನ ಹೆಸರು ಓದಿದಾಗಿನಿಂದ ಒಮ್ಮೆ ಅಲ್ಲಿ ನಿಂತು ನೋಡಬೇಕು ಅಂತಿತ್ತು.

ಉಳಿದದ್ದು ಇಷ್ಟು. ಮೊದಲ ದಿನ ಸರೋವರದ ಮೇಲೆ 55 ಕಿಲೋಮೀಟರ್ ಹೋಗಿ, ಬಾಡಿಗೆಗೆ ಸಿಗುವ ಒಂದು ಗುಡಿಸಲಲ್ಲಿ ಎರಡು ರಾತ್ರಿ. ನಡುವಿನ ದಿನ 40 ಕಿಲೋಮೀಟರಿನ ಒಂದು ಸುತ್ತು. ಮೂರನೇ ದಿನ ವಾಪಸ್. ಒಟ್ಟು 150. ಎಷ್ಟೇ ಕೆಟ್ಟರೂ ಮೂವತ್ತೇಳೂವರೆ ಲೀಟರ್.

ಗುಡಿಸಲಿನ ವಿಷಯ ಬಂದದ್ದಕ್ಕೆ ಒಂದು ಹೇಳಬೇಕು. ಅಲ್ಲಿ ಬೀಗವಿಲ್ಲದ ಪುಕ್ಕಟೆ ಗುಡಿಸಲುಗಳೂ ಇವೆ, ಅದಕ್ಕೆ ಔಟಿಯೊತುಪ ಅಂತಾರೆ. ಒಲೆ, ಕಟ್ಟಿಗೆ, ಮಲಗಲು ಹಲಗೆ ಇರುತ್ತದೆ. ಅಲ್ಲಿನ ರೂಢಿ ಏನು ಗೊತ್ತಾ? ಕೊನೆಗೆ ಬಂದವನಿಗೆ ಮೊದಲ ಹಕ್ಕು. ಮೊದಲು ಬಂದವನು ಉಂಡು, ಮೈ ಕಾಯಿಸಿಕೊಂಡಿರುತ್ತಾನೆ. ಕೊನೆಗೆ ಬಂದವನು ಕತ್ತಲಲ್ಲಿ ದಣಿದು ಬಂದಿರುತ್ತಾನೆ. ಜಾಗ ಸಾಲದಿದ್ದರೆ ಮೊದಲಿನವನು ಎದ್ದು ಹೋಗಬೇಕು. ನಮ್ಮಲ್ಲಿ ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಒಗೆಯುವುದನ್ನು ನೆನೆಸಿಕೊಂಡು ನಾನು ನಕ್ಕಿದ್ದೇ ನಕ್ಕಿದ್ದು. ನಾವು ಬೀಗದ ಗುಡಿಸಲನ್ನೇ ಬುಕ್ ಮಾಡಿದೆವು, ಪುಕ್ಕಟೆಯದು ದಾರಿಯಲ್ಲಿ ಆಪತ್ತಿಗೆ ಇರಲಿ ಅಂತ ನಕ್ಷೆಯಲ್ಲಿ ಗುರುತು ಹಾಕಿದೆವು.

ನನಗೆ ನಿಜವಾಗಿ ನಿದ್ದೆ ಕೆಡಿಸಿದ್ದು ಸರೋವರ. ಇನಾರಿ 1,000 ಚದರ ಕಿಲೋಮೀಟರಿಗೂ ದೊಡ್ಡದು, ಅದರಲ್ಲಿ 3,000ಕ್ಕೂ ಜಾಸ್ತಿ ನಡುಗಡ್ಡೆ. ಗಟ್ಟಿ ಮಂಜುಗಡ್ಡೆ 5 ಸೆಂಟಿಮೀಟರ್ ಇದ್ದರೆ ಮನುಷ್ಯ ನಡೆಯಬಹುದು, ಸ್ನೋಮೊಬೈಲಿಗೆ 15 ಬೇಕು ಅಂತಾರೆ. ಮಾರ್ಚಿನಲ್ಲಿ ಇನಾರಿಯ ಮೇಲೆ ಇರುವುದು ಅದಕ್ಕಿಂತ ಎಷ್ಟೋ ದಪ್ಪ. ಹಾಗಾದರೆ ಹೆದರಿಕೆ ಯಾಕೆ ಅಂತ ನಾನೂ ಕೇಳಿದೆ.

ಕಾರಣ ಎರಡು. ಎರಡು ನಡುಗಡ್ಡೆಗಳ ನಡುವಿನ ಇಕ್ಕಟ್ಟಿನಲ್ಲಿ ಕೆಳಗೆ ನೀರು ಹರಿಯುತ್ತಿರುತ್ತದೆ. ಅಲ್ಲಿ ಮಂಜುಗಡ್ಡೆ ತೆಳ್ಳಗೆ, ಮೇಲೆ ಹಿಮ ಮುಚ್ಚಿದ್ದರೆ ಗೊತ್ತೇ ಆಗುವುದಿಲ್ಲ. ಇನ್ನೊಂದು, ಈ ಸರೋವರದ ನೀರಿನ ಮಟ್ಟವನ್ನು ವಿದ್ಯುತ್ತಿಗಾಗಿ ನಿಯಂತ್ರಿಸುತ್ತಾರೆ. ನೀರು ಹೊರಗೆ ಹರಿಯುವ ನದಿಯ ಮೇಲೆ ಮುಂದೆ ರಷ್ಯಾ, ನಾರ್ವೆ ಕಡೆ ವಿದ್ಯುತ್ ಕೇಂದ್ರಗಳಿವೆ. ಚಳಿಗಾಲದಲ್ಲಿ ನೀರು ಇಳಿಯುತ್ತದೆ. ಮೇಲಿನ ಮಂಜುಗಡ್ಡೆ ದಂಡೆಯ ಹತ್ತಿರ ಜೋತು ಬೀಳುತ್ತದೆ, ಬಿರುಕು ಬಿಡುತ್ತದೆ. ಮೇಲೆ ಬಿದ್ದ ಹಿಮದ ಭಾರಕ್ಕೆ ಗಡ್ಡೆ ಕೆಳಗೆ ಒತ್ತಿ, ಬಿರುಕಿನಿಂದ ನೀರು ಮೇಲೆ ಬಂದು ಹಿಮದ ಅಡಿಯಲ್ಲಿ ನಿಲ್ಲುತ್ತದೆ. ಮೇಲಿನ ಹಿಮ ಕಂಬಳಿ ಹೊದಿಸಿದ ಹಾಗೆ ಆ ನೀರನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಹೊರಗೆ ಮೈನಸ್ 20 ಇದ್ದರೂ ಒಳಗೆ ರಾಡಿ. ಗಾಡಿ ಅದರಲ್ಲಿ ನಿಂತರೆ ಮುಗೀತು. ರಾತ್ರಿ ಅಲ್ಲೇ ಬಿಟ್ಟರೆ ಬೆಳಿಗ್ಗೆ ಗಾರೆಯಲ್ಲಿ ಕಟ್ಟಿದ ಹಾಗೆ ಹಿಡಿದಿರುತ್ತದೆ.

ಇದನ್ನು ಹಿರಿಯರು ಚಿತ್ರ ಬರೆದು ವಿವರಿಸುತ್ತಿದ್ದರು. ನನ್ನ ಕಣ್ಣ ಮುಂದೆ ಬಂದದ್ದು ಹಿಡಕಲ್ ಡ್ಯಾಮ್.

ನಮ್ಮ ಅಜ್ಜನ ಊರು ಹುಕ್ಕೇರಿ ತಾಲ್ಲೂಕು, ಹಿಡಕಲ್ ಹಿನ್ನೀರಿನ ದಂಡೆ. 51 ಟಿಎಂಸಿಯ ಡ್ಯಾಮು. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ದಂಡೆ ನೋಡಿದರೆ ಗಟ್ಟಿ ನೆಲದ ಹಾಗೆ ಕಾಣುತ್ತದೆ. ಮೇಲೆ ಎರಡು ಬೆರಳು ಒಣ ಪದರ, ಅದರ ಕೆಳಗೆ ಸೊಂಟದವರೆಗೆ ರಾಡಿ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಕಾಕಾನ ಎಮ್ಮೆ ಹೀಗೇ ನೀರಿಗೆ ಹೋಗುವಾಗ ಹೊಟ್ಟೆಯವರೆಗೆ ಹೂತಿತ್ತು. ಒದ್ದಾಡಿದಷ್ಟೂ ಕೆಳಗೆ. ಎಂಟು ಜನ ಏಣಿ ಹಾಸಿ, ಹಗ್ಗ ಕಟ್ಟಿ, ಸಂಜೆ ಹೊತ್ತಿಗೆ ಹೊರಗೆ ಎಳೆದರು. ಆವತ್ತು ಕಾಕಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ರಾಡಿ ಬಿರಕ ಬಿಟ್ಟಿದ್ರ ಗಟ್ಟಿ ಐತಿ ಅಂತ ತಿಳಿ. ಮಿಂಚಾಕತ್ತಿದ್ರ ಕಾಲ ಇಡಬ್ಯಾಡ."

ಮಂಜುಗಡ್ಡೆಯಲ್ಲಿ ಬಿರುಕಿನ ಲೆಕ್ಕ ಉಲ್ಟಾ. ಆದರೆ ಬಣ್ಣ ನೋಡುವ ಅಭ್ಯಾಸ ಒಂದೇ. ಬೂದು ಬಣ್ಣಕ್ಕೆ ತಿರುಗಿದ ಹಿಮ ಅಂದರೆ ಅಡಿಯಲ್ಲಿ ನೀರಿದೆ. ಅಂಥಲ್ಲಿ ಸಿಕ್ಕಿಕೊಂಡಾಗ ನಿಲ್ಲಬಾರದು, ತಿರುಗಿಸಲೂಬಾರದು, ಎಕ್ಸಲರೇಟರ್ ಹಿಡಿದು ನೆಟ್ಟಗೆ ದಾಟಬೇಕು. ನಿಂತುಹೋದರೆ ಒದ್ದಾಡಿಸದೆ ಇಳಿದು, ಮುಂದಿನ ಹಿಮ ತುಳಿದು ಇಳಿಜಾರು ಮಾಡಿ ಎಳೆಯಬೇಕು. ಎಮ್ಮೆಗೆ ಏಣಿ ಹಾಸಿದ ಹಾಗೆ. ನಾನು ಕಾಕಾನ ಕಥೆ ಹೇಳಿದಾಗ ಹಿರಿಯರು ಮೊದಲ ಸಲ ನಕ್ಕರು. ಮೂವರಿಗೂ ಕೊರಳಿಗೆ ನೇತುಹಾಕುವ ಮಂಜುಮೊಳೆ ತರುತ್ತೇನೆ ಅಂದರು. ಅದು ಹಿಡಿಕೆ ಇರುವ ಎರಡು ಚೂಪು ಮೊಳೆ. ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೈಯನ್ನು ಮೇಲೆಳೆದುಕೊಳ್ಳಲು.

ಕಾಗದ ಪತ್ರದ ಕೆಲಸ ನಾನು ಹೆದರಿದಷ್ಟು ಇರಲಿಲ್ಲ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಅನ್ನು ನಮ್ಮ ಆರ್‌ಟಿಒನಲ್ಲೇ ಕೊಡುತ್ತಾರೆ. ಫಾರ್ಮ್ 4ಎ, 1,000 ರೂಪಾಯಿ ಫೀ, ಒಂದು ವರ್ಷ ಚಾಲ್ತಿ. ಷೆಂಗೆನ್ ವೀಸಾಕ್ಕೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆ. ಫೀ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇರಲೇಬೇಕು.

ತಲೆ ಕೆಟ್ಟದ್ದು ಈ ವಿಮೆಯಲ್ಲಿ. ವೀಸಾಕ್ಕೆ ಸಾಕಾಗುವ ವಿಮೆ ಎಲ್ಲರೂ ಮಾರುತ್ತಾರೆ. ಆದರೆ ಸಣ್ಣಕ್ಷರದಲ್ಲಿ ಸಾಹಸ ಕ್ರೀಡೆಗೆ ಅನ್ವಯಿಸುವುದಿಲ್ಲ ಅಂತ ಬರೆದಿರುತ್ತಾರೆ. ಒಂದು ಕಂಪನಿಗೆ ಫೋನ್ ಮಾಡಿ, ಸ್ನೋಮೊಬೈಲಿಗೆ ಕವರ್ ಇದೆಯಾ ಅಂತ ಕೇಳಿದೆ. ಆ ಹುಡುಗ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ಇದೆ ಸರ್, ಮೊಬೈಲ್ ಕಳೆದರೆ, ಒಡೆದರೆ ಎರಡಕ್ಕೂ ಕವರ್ ಆಗುತ್ತೆ."

ಮೂರನೇ ಕಂಪನಿಯವರು ಜಾಸ್ತಿ ಪ್ರೀಮಿಯಂ ತೆಗೆದುಕೊಂಡು, ಸ್ನೋಮೊಬೈಲ್ ಸೇರಿದೆ ಅಂತ ಬರಹದಲ್ಲಿ ಕೊಟ್ಟರು. ಫೋನಿನಲ್ಲಿ ಹೌದು ಅಂದದ್ದನ್ನು ನಂಬಬೇಡಿ. ಮೇಲ್ ಕೇಳಿ. ಗಾಡಿ ಜಖಂ ಆದರೆ ಎಷ್ಟು ದುಡ್ಡು ನಾವೇ ಕೊಡಬೇಕು ಅನ್ನೋದು ಬಾಡಿಗೆ ಕರಾರಿನಲ್ಲಿ ಬೇರೆ ಇರುತ್ತದೆ. ಅದನ್ನೂ ಓದಬೇಕು.

ಅಕ್ಟೋಬರಿನ ಹೊತ್ತಿಗೆ ನಾನು ಗಾಡಿಯ ಮ್ಯಾನ್ಯುಯಲ್ ಓದಲು ಶುರು ಮಾಡಿದೆ. ಇದು ನನ್ನ ಖುಷಿಯ ಭಾಗ, ಸ್ವಲ್ಪ ಉದ್ದ ಆದರೆ ತಡೆದುಕೊಳ್ಳಿ. ಸ್ನೋಮೊಬೈಲಿನಲ್ಲಿ ಎಂಜಿನ್ನಿನ ಶಕ್ತಿ ಪಟ್ಟಿಗೆ ಹೋಗುವುದು ಒಂದು ರಬ್ಬರ್ ಬೆಲ್ಟಿನ ಮೂಲಕ. ಎರಡು ಪುಲ್ಲಿ, ವೇಗಕ್ಕೆ ತಕ್ಕ ಹಾಗೆ ಅಗಲವಾಗಿ ಕಿರಿದಾಗುವ ಪುಲ್ಲಿ. ಮನೆ ಮುಂದೆ ನಿಂತ ಆಕ್ಟಿವಾದಲ್ಲಿ ಇರುವುದೂ ಇದೇ ತತ್ವ. ಬೆಲ್ಟ್ ಹರಿದರೆ ಗಾಡಿ ಕಬ್ಬಿಣದ ತುಂಡು. ಅದಕ್ಕೇ ಇನ್ನೊಂದು ಬೆಲ್ಟ್ ಜೊತೆಗಿರಬೇಕು, ಅದನ್ನು ಹಾಕಲೂ ಬರಬೇಕು. ಮೈನಸ್ 20ರಲ್ಲಿ ಬರಿಗೈಯಲ್ಲಿ ಕಬ್ಬಿಣ ಮುಟ್ಟುವ ಹಾಗಿಲ್ಲ. ನಾನು ಫೌಂಡ್ರಿಯವರ ದಪ್ಪ ಕೈಗವಸು ಹಾಕಿಕೊಂಡು ಒಂದು ಹಳೇ ಸ್ಕೂಟರಿನ ಬೆಲ್ಟ್ ಬಿಚ್ಚಿ ಹಾಕುವ ಅಭ್ಯಾಸ ಮಾಡಿದೆ. ಮೊದಲ ಸಲ ಮುಕ್ಕಾಲು ಗಂಟೆ. ನಮ್ಮ ಹುಡುಗರು ಕೆಲಸ ಬಿಟ್ಟು ಸುತ್ತ ನಿಂತು ನೋಡಿದರು. ಹದಿನೈದನೇ ಸಲಕ್ಕೆ ಹನ್ನೆರಡು ನಿಮಿಷಕ್ಕೆ ಬಂತು. ಸ್ನೋಮೊಬೈಲಿನದು ಇದಕ್ಕಿಂತ ಸುಲಭ ಅಂತ ಆಮೇಲೆ ಗೊತ್ತಾಯಿತು. ಇರಲಿ.

ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಪಟ್ಟಿಯ ಒಳಗೆ ಪ್ಲಾಸ್ಟಿಕ್ಕಿನ ಉದ್ದ ಹಳಿ ಇರುತ್ತದೆ, ಪಟ್ಟಿ ಅದರ ಮೇಲೆ ಉಜ್ಜುತ್ತಾ ಓಡುತ್ತದೆ. ಅದಕ್ಕೆ ಗ್ರೀಸ್ ಇಲ್ಲ. ಹಿಮವೇ ಗ್ರೀಸ್! ಗಾಳಿ ಹಿಮವನ್ನೆಲ್ಲಾ ಗುಡಿಸಿ ಬರಿ ಗಾಜಿನಂಥ ಗಡ್ಡೆ ಉಳಿಸಿದ ಕಡೆ ದೂರ ಓಡಿಸಿದರೆ ಹಳಿ ಕಾದು ಕರಗುತ್ತದೆ. ಅದಕ್ಕೆ ಗಡ್ಡೆ ಕೆರೆದು ಪುಡಿ ಎರಚುವ ಮುಳ್ಳುಗಳನ್ನು ಕೆಳಗೆ ಇಳಿಬಿಡುತ್ತಾರೆ. ಮೂವತ್ತು ವರ್ಷ ಎಣ್ಣೆ ಗ್ರೀಸಿನಲ್ಲಿ ಕೈ ಅದ್ದಿದವನಿಗೆ ಇದು ಎಷ್ಟು ಚಂದ ಅನಿಸಿತು ಅಂತ ಹೇಳಲು ಬರುವುದಿಲ್ಲ.

ಊಟದ ಪ್ಲಾನು ಅವ್ವನದು. ಅವಳು ಮೊದಲು ತೆಗೆದದ್ದು ಕುಂದಾ. ಬೆಳಗಾವಿಯಿಂದ ಹೋಗುವವರು ಕುಂದಾ ಇಲ್ಲದೆ ಹೋಗುತ್ತಾರಾ? ಆದರೆ ಹೊರಗಿನ ದೇಶದ ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಳಗೆ ಒಯ್ಯುವಂತಿಲ್ಲ. ಕುಂದಾ ಬಾದ್. ಉಳಿದದ್ದನ್ನು ನಾನು ಪರೀಕ್ಷೆ ಮಾಡಿದೆ. ಪರಿಚಯದ ಒಬ್ಬರ ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರ್ ಮೈನಸ್ 18ರಲ್ಲಿ ನಡೆಯುತ್ತದೆ. ಒಂದು ರಾತ್ರಿ ಅದರಲ್ಲಿ ಕಡಕ್ ರೊಟ್ಟಿ, ಚಪಾತಿ, ಶೇಂಗಾ ಹೋಳಿಗೆ, ಕರದಂಟು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಬೆಲ್ಲದ ಶೇಂಗಾ ಉಂಡಿ, ಒಂದು ಬಾಲ್ ಪೆನ್, ಒಂದು ಪೆನ್ಸಿಲ್ ಇಟ್ಟೆ.

ಬೆಳಿಗ್ಗೆ ಚಪಾತಿ ಹಲಗೆ ಆಗಿತ್ತು. ಕರದಂಟು ಕಚ್ಚಿದೆ, ಹಲ್ಲು ಉಳಿದದ್ದು ಪುಣ್ಯ. ಅದರಲ್ಲಿ ತುಪ್ಪವೂ ಇರುವುದರಿಂದ ಕಸ್ಟಮ್ಸಿನ ಉಸಾಬರಿ ಯಾಕೆ ಅಂತ ಬಿಟ್ಟೆ. ಹೋಳಿಗೆ ಬಗಲಲ್ಲಿ ಇಟ್ಟುಕೊಂಡರೆ ಹತ್ತು ನಿಮಿಷಕ್ಕೆ ದಾರಿಗೆ ಬಂತು. ಪೆನ್ ಬರೆಯಲಿಲ್ಲ, ಪೆನ್ಸಿಲ್ ಬರೆಯಿತು. ಕಡಕ್ ರೊಟ್ಟಿ, ಹಿಂಡಿ ಮಾತ್ರ ಇಟ್ಟಾಗ ಹೇಗಿದ್ದವೋ ಹಾಗೇ ಇದ್ದವು. ನೀರೇ ಇಲ್ಲದ್ದು ಹೆಪ್ಪುಗಟ್ಟುವುದು ಹೇಗೆ, ಅಲ್ವಾ? ಬಿಸಿಲಿಗೆ ಅಂತ ಮಾಡಿದ ಅಡುಗೆ ಹಿಮಕ್ಕೂ ನಡೆಯಿತು. ಅವ್ವನಿಗೆ ಹೇಳಿದರೆ, "ಅದಕ್ಕ ರಾತ್ರಿ ಎಲ್ಲಾ ಫ್ರಿಜ್ಜಿನ್ಯಾಗ ಇಟ್ಟಿದ್ದೇನು? ನನ್ನ ಕೇಳಿದ್ರ ಹೇಳತಿದ್ದೆ," ಅಂದಳು.

ಬಟ್ಟೆ ಜಾಸ್ತಿ ಒಯ್ಯಲಿಲ್ಲ. ಮೇಲಿನ ದಪ್ಪ ಸೂಟು, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಒಳಗೆ ಉಣ್ಣೆ ಇರಬೇಕು, ಹತ್ತಿ ಬೇಡ. ಹತ್ತಿ ಬೆವರು ಹಿಡಿದು ಮೈಯನ್ನು ತಣ್ಣಗೆ ಮಾಡುತ್ತದೆ. ಮೈನಸ್ 20ರಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಬರಿ ಚರ್ಮಕ್ಕೆ ತಾಗುವ ಚಳಿ ಸುಮಾರು ಮೈನಸ್ 34ರಷ್ಟು. ಅವ್ವ ಕುರುಬರ ಕಂಬಳಿ ಒಂದನ್ನು ಚೀಲಕ್ಕೆ ತುರುಕಿದಳು. ಭಾರ ಅಂತ ಎರಡು ಸಲ ತೆಗೆದೆ. ಎರಡು ಸಲವೂ ಅದು ವಾಪಸ್ ಚೀಲ ಸೇರಿತ್ತು.

ಇನ್ನು ಹಿರಿಯರ ಎರಡನೇ ಪ್ರಶ್ನೆ. ಸರೋವರದ ಉತ್ತರಕ್ಕೆ ಹೋದಂತೆ ಮೊಬೈಲ್ ಸಿಗ್ನಲ್ ಎಲ್ಲಾ ಕಡೆ ಇರುವುದಿಲ್ಲ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಪುಟ್ಟ ಸಾಧನ ಇದೆಯಲ್ಲ, ಅದನ್ನು ಇಲ್ಲಿಂದಲೇ ತರಿಸಿ ತರುತ್ತೇನೆ ಅಂತ ನಾನು ಜಂಬ ಹೊಡೆದಿದ್ದೆ. ನೋಡಿದರೆ ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಗೊತ್ತಿಲ್ಲದೆ ತಂದ ಪ್ರವಾಸಿಗರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದದ್ದುಂಟು. ತಮ್ಮ ಅಲ್ಲೇ ಬಾಡಿಗೆಗೆ ತೆಗೆದ.

ಆಮೇಲೆ ಒಂದು ಹಾಳೆ ಬರೆದೆವು. ಯಾವ ದಿನ ಎಲ್ಲಿ, ಯಾವ ದಾರಿ, ಗಾಡಿಯ ಬಣ್ಣ, ಬಟ್ಟೆಯ ಬಣ್ಣ, ಯಾರಿಗೆ ಯಾವ ಔಷಧಿ. ದಿನಾಲೂ ಎಲ್ಲೇ ಇದ್ದರೂ ಮಧ್ಯಾಹ್ನ 1 ಗಂಟೆಗೆ ತಿರುಗುವುದು. ಸಂಜೆ 6ಕ್ಕೆ ಗುಡಿಸಲು ಮುಟ್ಟಿದೆವು ಅಂತ ಮೆಸೇಜ್. ರಾತ್ರಿ 8ರವರೆಗೆ ಬರಲಿಲ್ಲ ಅಂದರೆ ಹಿರಿಯರ ಹೆಂಡತಿ 112ಕ್ಕೆ ಫೋನ್ ಮಾಡುವುದು. ಆ ಹಾಳೆ ಅವರ ಫ್ರಿಜ್ಜಿನ ಬಾಗಿಲಿಗೆ ಅಂಟಿತು.

ಅವ್ವನಿಗೂ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಲ್ಲಿ ಆರ ಗಂಟೆ ಅಂದ್ರ ಇಲ್ಲಿ ಎಷ್ಟು?" ಅಂದಳು.

"ಒಂಬತ್ತೂವರಿ."

"ನಾ ಒಂಬತ್ತಕ್ಕ ಮಲಗಾಕಿ. ಒಂದ ತಾಸ ಮೊದಲ ಮುಟ್ಟರಿ."

ಇದು ತಮಾಷೆ ಅಂತ ತಮ್ಮನಿಗೆ ಹೇಳಿದೆ. ಹಿರಿಯರಿಗೆ ತಮಾಷೆ ಅನಿಸಲಿಲ್ಲ. ಅವ್ವ ಹೇಳಿದ್ದು ಸರಿ, 5 ಗಂಟೆ ಅಂತ ತಿದ್ದಿ, ಬೆಳಕು ಇನ್ನೂ ಚೆನ್ನಾಗಿರುತ್ತದೆ ಅಂದರು. ಹಾಳೆಯಲ್ಲಿ 6 ಹೊಡೆದು 5 ಬರೆದರು.

ಮಾರ್ಚ್ ಮೂರನೇ ವಾರ ಹೊರಟೆವು. ಹಗಲು ರಾತ್ರಿ ಸಮ ಇರುವ ಕಾಲ, ಹನ್ನೆರಡು ತಾಸು ಬೆಳಕು. ಇನಾರಿಯಲ್ಲಿ ಬೆಳಿಗ್ಗೆ ಮೈನಸ್ 19. ಎರಡು ಗಾಡಿ, ಮೂರು ಜನ, ಒಂದು ಜಾರುಬಂಡಿ. ಮೊದಲ ಹತ್ತು ಕಿಲೋಮೀಟರ್ ನನ್ನ ಹೆಬ್ಬೆರಳು ಎಕ್ಸಲರೇಟರ್ ಮೇಲೆ ಮರದ ತುಂಡಿನಂತಿತ್ತು. ಆಮೇಲೆ ಸಡಿಲವಾಯಿತು. ಒಂದು ಕಡೆ ಹಿಮಸಾರಂಗಗಳ ಹಿಂಡು ಅಡ್ಡ ಬಂತು. ಎಂಜಿನ್ ಬಂದ್ ಮಾಡಿ ಕೂತೆವು. ಅಲ್ಲಿ ಒಂದೊಂದು ಸಾರಂಗಕ್ಕೂ ಒಡೆಯ ಇರುತ್ತಾನೆ, ಬೆದರಿಸುವಂತಿಲ್ಲ. ನಾಲ್ಕು ಗಂಟೆಗೇ ಗುಡಿಸಲು ಸೇರಿದೆವು. ರೊಟ್ಟಿ, ಹಿಂಡಿ ತಿಂದ ಹಿರಿಯರು ಅಗಸಿ ಹಿಂಡಿಯ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡವರು ಮತ್ತೆ ವಾಪಸ್ ಕೊಡಲೇ ಇಲ್ಲ.

ಎರಡನೇ ದಿನದ ಸುತ್ತಿನಲ್ಲಿ, ಹನ್ನೆರಡೂವರೆಗೆ, ಎರಡು ನಡುಗಡ್ಡೆಗಳ ನಡುವಿನ ಇಕ್ಕಟ್ಟಿನ ಮುಂದೆ ಹಿರಿಯರು ಕೈ ಎತ್ತಿ ನಿಂತರು. ಇಳಿದು ಕಬ್ಬಿಣದ ಸಲಾಕೆಯಿಂದ ನಾಲ್ಕು ಹೆಜ್ಜೆಗೆ ಒಮ್ಮೆ ಕುಟ್ಟಿದರು. ಮುಂದಿನ ಹಿಮ ತುಸು ಬೂದು. ನನಗೂ ಕಂಡಿತು. ಆ ದಾಟು ಆದರೆ ಸುತ್ತು ಪೂರ್ತಿ, ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸ್. ಅವರು ನನ್ನ ಮುಖ ನೋಡಿದರು. "ಮಿಂಚಾಕತ್ತೈತಿ," ಅಂದೆ ತಮ್ಮನಿಗೆ. ಅವನು ಏನು ಅನುವಾದ ಮಾಡಿದನೋ, ಗಾಡಿ ತಿರುಗಿಸಿದೆವು.

ತಿರುಗಿಸುವಾಗಲೇ ತಮ್ಮ ಸ್ವಲ್ಪ ಅಗಲಕ್ಕೆ ಹೋದ. ಅವನ ಗಾಡಿ ಹಿಂಬದಿಯಿಂದ ರಾಡಿಗೆ ಕೂತಿತು. ಎಕ್ಸಲರೇಟರ್ ಒತ್ತಿದ, ಇನ್ನೂ ಕೂತಿತು. ನಾನು ಕೂಗಿದ್ದು ಹೆಲ್ಮೆಟ್ಟಿನ ಒಳಗೇ ಉಳಿಯಿತು. ಇಳಿದು ಮೊಣಕಾಲುದ್ದದ ನೀರಿನಂಥ ಹಿಮದಲ್ಲಿ ನಿಂತು, ಸಲಿಕೆಯಿಂದ ಕೆದರಿ, ಅವ್ವನ ಕಂಬಳಿಯನ್ನು ಪಟ್ಟಿಯ ಮುಂದೆ ಹಾಸಿ, ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆದೆವು. ಒಂದು ತಾಸು ಹತ್ತು ನಿಮಿಷ. ಹೊರಗೆ ಬಂದ ಕೂಡಲೇ ಹಿಂಭಾಗ ಎತ್ತಿ ಪಟ್ಟಿಯನ್ನು ತಿರುಗಿಸಿ, ಗಡ್ಡೆಗಟ್ಟುವ ಮೊದಲೇ ರಾಡಿ ಉದುರಿಸಿದೆವು. ಗುಡಿಸಲು ಮುಟ್ಟಿದಾಗ 4:50. ಮೆಸೇಜ್ ಹೋಯಿತು. ಕಂಬಳಿ ಒಲೆಯ ಮುಂದೆ ರಾತ್ರಿಯಿಡೀ ಹಬೆಯಾಡಿತು, ಗುಡಿಸಲೆಲ್ಲಾ ಕುರಿಯ ವಾಸನೆ.

ಮೂರನೇ ದಿನ ಮಧ್ಯಾಹ್ನ ಇನಾರಿ. ಗಾಡಿ ಒಪ್ಪಿಸುವಾಗ ಟ್ಯಾಂಕ್ ತುಂಬಿಸಿ ಕೊಡಬೇಕಿತ್ತು. ಲೆಕ್ಕ ನೋಡಿದರೆ ಒಂದು ಗಾಡಿ 24 ಲೀಟರ್ ಕುಡಿದಿತ್ತು, ಜಾರುಬಂಡಿ ಎಳೆದದ್ದು 29. ಎರಡೂ ಕ್ಯಾನಿನ ಸೀಲ್ ಹಾಗೇ ಇತ್ತು.

ತಮ್ಮ ಮೊದಲನೇ ಕ್ಯಾನಿನ ಮುಚ್ಚಳ ತಿರುವಿದ. "ನೋಡಿದಿ ಅಣ್ಣಾ? ನಲವತ್ತ ಲೀಟರ್ ಸುಮ್ನ ಹೊತ್ತಗೊಂಡ ಹೋಗಿ ಹೊತ್ತಗೊಂಡ ಬಂದ್ವಿ. ಸೆವೆಟ್ಟಿಯಾರ್ವಿ ಮುಟ್ಟಿ ಬರತಿದ್ವಿ."

ನಾನು ಏನೂ ಅನ್ನಲಿಲ್ಲ. ಅವನ ಬೂಟು ಇನ್ನೂ ಒಣಗಿರಲಿಲ್ಲ. ಟ್ಯಾಂಕಿನ ಬಾಯಿಗೆ ಫನಲ್ ಹಿಡಿದು ನಿಂತೆ.